ರಸ್ತೆ ಬದಿಯ ಪೊದೆ ಸವರಿದರೆ ಕಾಳ್ಗಿಚ್ಚು ನಿಲ್ಲುತ್ತದಾ?

ಬೇಸಿಗೆಯ ಆರಂಭದಲ್ಲಿ ಗುಂಡ್ಲುಪೇಟೆಯಿಂದ ಊಟಿಗೆ ಹೊರಟರೆ, ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ದಾಟಿ ಬಂಡೀಪುರದ ಕಾಡು ಹೊಕ್ಕ ಮೇಲೆ ರಸ್ತೆಯ ಎರಡೂ ಬದಿ ಬೋಳು ಬೋಳಾಗಿ ಕಾಣುತ್ತದೆ. ಪೊದೆಗಳನ್ನು ನೆಲಮಟ್ಟಕ್ಕೆ ಕೊಚ್ಚಿರುತ್ತಾರೆ. ಕೆಲವು ಕಡೆ ನೆಲ ಕಪ್ಪಗಿರುತ್ತದೆ, ಬೂದಿ ಇನ್ನೂ ಹಾರುತ್ತಿರುತ್ತದೆ. ಕಾರಿನಲ್ಲಿ ಕೂತವರಲ್ಲಿ ಒಬ್ಬರಾದರೂ "ಅಯ್ಯೋ, ಕಾಡಿಗೆ ಬೆಂಕಿ ಬಿದ್ದಿದೆ ನೋಡಿ" ಅನ್ನುತ್ತಾರೆ. ಇನ್ನೊಬ್ಬರು ಫೋಟೊ ತೆಗೆದು, ಅರಣ್ಯ ಇಲಾಖೆಯವರೇ ಕಾಡು ಸುಡುತ್ತಿದ್ದಾರೆ ಎಂದು ಬರೆದು ಹಾಕುತ್ತಾರೆ.

ಸುಡುತ್ತಿರುವುದು ನಿಜ. ಬೇಕಂತಲೇ ಸುಡುತ್ತಾರೆ. ಇದಕ್ಕೆ ಬೆಂಕಿ ರೇಖೆ ಅಂತ ಹೆಸರು, ಇಲಾಖೆಯವರ ಬಾಯಲ್ಲಿ ಫೈರ್ ಲೈನ್. ರಸ್ತೆಗೆ ಅಂಟಿದ ಒಂದು ಪಟ್ಟಿಯಲ್ಲಿ ಹತ್ತಿ ಉರಿಯುವಂಥದ್ದನ್ನೆಲ್ಲ ಮೊದಲೇ ತೆಗೆದುಬಿಟ್ಟರೆ ದೊಡ್ಡ ಬೆಂಕಿ ಬರುವುದಿಲ್ಲ ಎಂಬುದು ಇದರ ಹಿಂದಿನ ಲೆಕ್ಕ. ಈ ಲೆಕ್ಕ ಸರಿಯೇ? ನನ್ನ ಮಟ್ಟಿಗೆ ಉತ್ತರ ಹೀಗಿದೆ: ಸರಿಯಾದದ್ದನ್ನು, ಸರಿಯಾದ ತಿಂಗಳಲ್ಲಿ ತೆಗೆದರೆ ಖಂಡಿತ ಸರಿ. ಸಿಕ್ಕಿದ್ದನ್ನೆಲ್ಲ ಕಡಿದು ಅಲ್ಲೇ ಬಿಟ್ಟು ಹೋದರೆ ಅದು ಬೆಂಕಿಗೆ ನಾವೇ ಹಾಸಿಕೊಟ್ಟ ಹಾಸಿಗೆ. ಇವೆರಡರ ನಡುವಿನ ವ್ಯತ್ಯಾಸ ರಸ್ತೆಯಲ್ಲಿ ಗಂಟೆಗೆ ಐವತ್ತು ಕಿಲೋಮೀಟರ್ ವೇಗದಲ್ಲಿ ಹೋಗುವವರಿಗೆ ಕಾಣುವುದಿಲ್ಲ. ಹಾಗಾಗಿ ಸ್ವಲ್ಪ ಇಳಿದು ನೋಡೋಣ. ಮಾತಿಗೆ ಅಷ್ಟೇ. ಅಲ್ಲಿ ನಿಜವಾಗಿ ಗಾಡಿ ನಿಲ್ಲಿಸಿ ಇಳಿಯುವ ಹಾಗಿಲ್ಲ.

ಮೊದಲು ಹತ್ತುವುದು ಯಾವುದು

ಸೌದೆ ಒಲೆ ಹಚ್ಚಿದವರಿಗೆ ಬೆಂಕಿಯ ಅರ್ಧ ವಿಜ್ಞಾನ ಗೊತ್ತಿರುತ್ತದೆ. ದಪ್ಪ ಕೊರಡಿಗೆ ಯಾರೂ ನೇರವಾಗಿ ಕಡ್ಡಿ ಗೀರುವುದಿಲ್ಲ. ಮೊದಲು ತೆಂಗಿನ ಗರಿ, ಆಮೇಲೆ ಪುರಲೆ, ಅದು ಚೆನ್ನಾಗಿ ಹಿಡಿದ ಮೇಲೆ ಸೌದೆ. ಕಾಡಿನಲ್ಲೂ ಬೆಂಕಿ ಇದೇ ಕ್ರಮದಲ್ಲಿ ಮೇಲೇರುತ್ತದೆ.

ಕಾಳ್ಗಿಚ್ಚಿನ ಬಗ್ಗೆ ಅಧ್ಯಯನ ಮಾಡುವವರು ಇದನ್ನು ಗಾತ್ರದ ಮೇಲೆ ಅಳೆಯುತ್ತಾರೆ. 6 ಮಿಲಿಮೀಟರ್‌ಗಿಂತ ತೆಳ್ಳಗಿರುವ ಹುಲ್ಲು, ತರಗೆಲೆ, ಕಡ್ಡಿಗಳಿಗೆ 'ಒಂದು ಗಂಟೆಯ ಉರುವಲು' ಎಂದು ಹೆಸರು. ಅಂದರೆ ಗಾಳಿಯಲ್ಲಿ ತೇವ ಕಡಿಮೆಯಾದರೆ ಒಂದು ಗಂಟೆಯ ಒಳಗೆ ಇವೂ ಒಣಗಿ ತಯಾರಾಗುತ್ತವೆ. 25 ಮಿಲಿಮೀಟರ್ ತನಕದ ಕಡ್ಡಿಗೆ ಹತ್ತು ಗಂಟೆ ಬೇಕು. 75 ಮಿಲಿಮೀಟರ್ ತನಕದ ಕೊಂಬೆಗೆ ನೂರು ಗಂಟೆ. ಬೆಳಿಗ್ಗೆ ಇಬ್ಬನಿಯಲ್ಲಿ ನೆನೆದಿದ್ದ ಹುಲ್ಲು ಮಧ್ಯಾಹ್ನ ಹನ್ನೆರಡಕ್ಕೆ ಕಡ್ಡಿ ಗೀರಿದರೆ ಭಗ್ ಅನ್ನುವುದು ಇದೇ ಕಾರಣಕ್ಕೆ. ಪಕ್ಕದಲ್ಲೇ ನಿಂತ ತೇಗದ ಮರಕ್ಕೆ ಆ ಹೊತ್ತಿಗೆ ಏನೂ ಆಗಿರುವುದಿಲ್ಲ.

ಈಗ ಫೆಬ್ರವರಿಯ ರಸ್ತೆ ಬದಿಯನ್ನು ಒಂದು ಹೆಜ್ಜೆ ಅಗಲಕ್ಕೆ ನೋಡಿ. ಡಾಂಬರಿನ ಅಂಚಿಗೆ ಒಂದಿಷ್ಟು ಮಣ್ಣು, ಜಲ್ಲಿ. ಅಲ್ಲಿಂದಲೇ ಹುಲ್ಲು ಶುರು. ಮಳೆಗಾಲದಲ್ಲಿ ರಸ್ತೆಯ ನೀರೆಲ್ಲ ಪಕ್ಕಕ್ಕೇ ಹರಿಯುತ್ತದೆ, ಬಿಸಿಲೂ ಚೆನ್ನಾಗಿ ಬೀಳುತ್ತದೆ. ಹಾಗಾಗಿ ಕಾಡಿನ ಒಳಗಿಗಿಂತ ಇಲ್ಲಿ ಹುಲ್ಲು ಸೊಂಪು. ಅದೇ ಹುಲ್ಲು ಈಗ ಒಣಗಿ ಬಣ್ಣಗೆಟ್ಟು ಸೊಂಟದ ತನಕ ನಿಂತಿದೆ. ಅದರ ಬುಡದಲ್ಲಿ ತೇಗದ ತರಗು. ತೇಗದ ಎಲೆ ಒಣಗಿದರೆ ಮುದುರಿಕೊಂಡು ಬೀಳುತ್ತದೆ, ಮಡಿಕೆ ಮಡಿಕೆಯಲ್ಲೂ ಗಾಳಿ ಆಡುತ್ತದೆ. ಮಧ್ಯೆ ಚಿಪ್ಸ್ ಪ್ಯಾಕೆಟ್ಟು, ಪೇಪರ್ ಲೋಟ. ಇದರ ಹಿಂದೆ ಲಂಟಾನ ಎಂಬ ಕಳೆಗಿಡದ ಮೆಳೆ. ಹೊರಗೆ ಹಸಿರು ಎಲೆ ಇದ್ದರೂ ಒಳಗೆ ಪೆನ್ಸಿಲ್ ಗಾತ್ರದ ಸತ್ತ ಕಡ್ಡಿಗಳು ಹೆಣೆದುಕೊಂಡಿರುತ್ತವೆ. ಮೆಳೆಯ ಮೇಲೆ ಮರದ ಕೆಳಗಿನ ಕೊಂಬೆ ಬಾಗಿದೆ.

ಗರಿ, ಪುರಲೆ, ಸೌದೆ ಮೂರನ್ನೂ ಕ್ರಮವಾಗಿ ಜೋಡಿಸಿಟ್ಟಾಗಿದೆ. ಕಡ್ಡಿ ಗೀರುವವರು ಒಬ್ಬರು ಬೇಕು.

ಅವರು ರಸ್ತೆಯಿಂದಲೇ ಬರುತ್ತಾರೆ. ನಮ್ಮ ಎಲೆ ಉದುರುವ ಕಾಡುಗಳಲ್ಲಿ ಬೆಂಕಿ ತಾನಾಗಿ ಹುಟ್ಟುವುದು ತೀರಾ ಅಪರೂಪ. ಬಿದಿರಿಗೆ ಬಿದಿರು ಉಜ್ಜಿ ಕಿಡಿ ಹುಟ್ಟುತ್ತದೆ ಅಂತ ಶಾಲೆಯಲ್ಲಿ ಹೇಳಿಕೊಟ್ಟದ್ದನ್ನು ಮರೆತುಬಿಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಇಲ್ಲಿ ಸಿಡಿಲೂ ಕಡಿಮೆ, ಬಿದ್ದರೂ ಜೊತೆಗೆ ಮಳೆ ಬಂದಿರುತ್ತದೆ. ಬಹುಪಾಲು ಬೆಂಕಿ ಮನುಷ್ಯರದ್ದೇ. ಕೆಲವು ಬೇಕಂತಲೇ ಹಚ್ಚಿದ್ದು, ಕೆಲವು ಅಜಾಗರೂಕತೆ.

ಸೇದಿ ಎಸೆದ ಬೀಡಿ, ಸಿಗರೇಟಿನ ತುಂಡೆಲ್ಲ ಕಾಡು ಸುಡುವುದಿಲ್ಲ. ಗಾಳಿಯಲ್ಲಿ ತೇವ ಇರುವಷ್ಟು ದಿನ ಬಹುಪಾಲು ತುಂಡುಗಳು ಸುಮ್ನೆ ಆರಿಹೋಗುತ್ತವೆ. ತೇವಾಂಶ ಶೇ 25ರ ಆಸುಪಾಸಿಗಿಂತ ಕೆಳಗಿಳಿದಾಗ, ತುಂಡು ನುಣ್ಣನೆಯ ಒಣ ಹುಲ್ಲಿನ ಮೇಲೆ ಬಿದ್ದಾಗ, ಸಣ್ಣ ಗಾಳಿಯೂ ಬೀಸಿದಾಗ ಕತೆ ಬದಲಾಗುತ್ತದೆ. ಬೇಸಿಗೆಯ ಮಧ್ಯಾಹ್ನ ಬಯಲುಸೀಮೆಯ ಅಂಚಿನ ಕಾಡಿನಲ್ಲಿ ಈ ಮೂರೂ ಒಟ್ಟಿಗೆ ಸೇರುವುದು ದೊಡ್ಡ ಮಾತೇನಲ್ಲ. ರಸ್ತೆ ಬದಿ ಕಲ್ಲು ಹೂಡಿ ಅಡುಗೆ ಮಾಡಿ, ಕೆಂಡದ ಮೇಲೆ ಅರ್ಧ ಬಾಟಲಿ ನೀರು ಚೆಲ್ಲಿ "ಆರಿತು" ಅಂತ ಹೊರಡುವವರದ್ದು ಇನ್ನೊಂದು ಕತೆ.

ಗಾಡಿಯೇ ಕಿಡಿ ಹಾರಿಸುವುದೂ ಉಂಟು. ಕಾರಿನ ಹೊಗೆ ಕೊಳವೆಯ ದಾರಿಯಲ್ಲಿ ಇರುವ ಕ್ಯಾಟಲಿಟಿಕ್ ಕನ್ವರ್ಟರ್ ಓಡುವಾಗ ಕೆಲವು ನೂರು ಡಿಗ್ರಿ ಕಾದಿರುತ್ತದೆ. ಅದರ ಕೆಳಗೆ ಒಣ ಹುಲ್ಲು ತಾಗುವ ಹಾಗೆ ನಿಲ್ಲಿಸಿದರೆ ಸಾಕು. 2018ರ ಜುಲೈಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ರೆಡ್ಡಿಂಗ್ ಹತ್ತಿರ ಒಂದು ಗಾಡಿ ಎಳೆದುಕೊಂಡು ಹೋಗುತ್ತಿದ್ದ ಟ್ರೇಲರ್‌ನ ಟೈರು ಪಂಕ್ಚರ್ ಆಯಿತು. ಬರಿಯ ರಿಮ್ ರಸ್ತೆಗೆ ಉಜ್ಜಿ ಕಿಡಿ ಹಾರಿತು. ಆ ಕಿಡಿ ಹೆದ್ದಾರಿ ಬದಿಯ ಒಣಗಿದ ಹುಲ್ಲಿಗೆ ಬಿತ್ತು. ಕಾರ್ ಫೈರ್ ಎಂದು ಹೆಸರಾದ ಆ ಬೆಂಕಿ 2 ಲಕ್ಷ 29 ಸಾವಿರ ಎಕರೆ ಸುಟ್ಟಿತು, ಎಂಟು ಜನ ಸತ್ತರು. (ಅಂದಹಾಗೆ ಆ 'ಕಾರ್' ಅಂದರೆ ಗಾಡಿಯಲ್ಲ, ಬೆಂಕಿ ಶುರುವಾದ ಜಾಗದ ರಸ್ತೆಯ ಹೆಸರು.) ರಿಮ್ಮಿನ ಕಿಡಿಯನ್ನು ಯಾರೂ ತಡೆಯಲಾರರು. ಅದು ಬೀಳುವ ಜಾಗದಲ್ಲಿ ಹುಲ್ಲು ಇರದ ಹಾಗೆ ನೋಡಿಕೊಳ್ಳಬಹುದಿತ್ತು. ರಸ್ತೆ ಬದಿಯ ಕೆಲಸದ ಮೊದಲ ಉದ್ದೇಶ ಇಷ್ಟೇ.

ಏನನ್ನು ಬಿಡಬೇಕು ಎಂಬುದೇ ಕಷ್ಟದ ಪ್ರಶ್ನೆ

ಡಾಂಬರಿಗೆ ಅಂಟಿದ ಮೊದಲ ಕೆಲವು ಅಡಿಯಲ್ಲಿ ಹುಲ್ಲು, ತರಗು ಏನೂ ಇರಬಾರದು. ಇದರಲ್ಲಿ ಎರಡು ಮಾತಿಲ್ಲ. ಪ್ರಶ್ನೆ ಬರುವುದು ಅದರಾಚೆಗಿನ ಪಟ್ಟಿಯಲ್ಲಿ.

ಅಲ್ಲಿ ಮರ ಕಡಿಯಬಾರದು. ಕಡಿದರೆ ಬೆಂಕಿಗೆ ಅನುಕೂಲ ಜಾಸ್ತಿ. ಇದು ಮೊದಲು ಕೇಳಿದಾಗ ಉಲ್ಟಾ ಅನಿಸುತ್ತದೆ. ಮರದ ನೆರಳಿದ್ದ ಕಡೆ ಹುಲ್ಲು ಅಷ್ಟಾಗಿ ಬೆಳೆಯುವುದಿಲ್ಲ. ನೆಲದ ತೇವ ಸ್ವಲ್ಪ ತಡವಾಗಿ ಆರುತ್ತದೆ. ಗಾಳಿಯ ವೇಗವೂ ಕೆಳಗೆ ಕಡಿಮೆ. ನೆರಳು ತೆಗೆದರೆ ಮುಂದಿನ ಮಳೆಗಾಲಕ್ಕೇ ಆ ಜಾಗ ಹುಲ್ಲು, ಲಂಟಾನಗಳ ಪಾಲು. ಇವೆರಡೂ ಬಿಸಿಲಿಗೆ ಕಾದು ಕೂತಿರುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಮರಗಳ ನೆರಳನ್ನು ಹಾಗೇ ಉಳಿಸಿ, ಕೆಳಗಿನದನ್ನು ಮಾತ್ರ ತೆಳುಮಾಡುವ ಪಟ್ಟಿಗಳನ್ನು ರಸ್ತೆಗಳ ಪಕ್ಕ ಮಾಡುವುದು ಇದೇ ಕಾರಣಕ್ಕೆ.

ತೆಗೆಯಬೇಕಾದದ್ದು ನೆಲಕ್ಕೂ ಮರದ ತಲೆಗೂ ನಡುವಿನ ಏಣಿ. ಹುಲ್ಲಿನ ಬೆಂಕಿ ಪೊದೆಗೆ, ಪೊದೆಯದ್ದು ಬಳ್ಳಿಗೆ, ಬಳ್ಳಿಯದ್ದು ಕೆಳಗಿನ ಒಣ ಕೊಂಬೆಗೆ ಹತ್ತುತ್ತದೆ. ನಡುವಿನ ಒಂದು ಮೆಟ್ಟಿಲು ತೆಗೆದರೂ ಜ್ವಾಲೆ ಕೆಳಗೇ ಉಳಿಯುತ್ತದೆ. ಕ್ಯಾಲಿಫೋರ್ನಿಯಾದ ಅಗ್ನಿಶಾಮಕ ಇಲಾಖೆ ಇದಕ್ಕೆ ಒಂದು ಸುಲಭದ ಅಳತೆ ಕೊಡುತ್ತದೆ: ಪೊದೆಯ ಎತ್ತರದ ಮೂರು ಪಟ್ಟು ಜಾಗ ಅದರ ಮೇಲೆ ಖಾಲಿ ಇರಬೇಕು. ಐದು ಅಡಿಯ ಪೊದೆ ಬಿಟ್ಟರೆ ಮರದ ಕೆಳಗಿನ ಕೊಂಬೆ ಅದರ ತಲೆಯಿಂದ ಹದಿನೈದು ಅಡಿ ಮೇಲಿರಬೇಕು. ಪೊದೆಗೂ ಪೊದೆಗೂ ನಡುವೆ ಸಮತಟ್ಟಾದ ನೆಲದಲ್ಲಿ ಅದರ ಎತ್ತರದ ಎರಡು ಪಟ್ಟು, ಸಾಧಾರಣ ಇಳಿಜಾರಿನಲ್ಲಿ ನಾಲ್ಕು ಪಟ್ಟು, ಕಡಿದಾದ ಇಳಿಜಾರಿನಲ್ಲಿ ಆರು ಪಟ್ಟು ಅಂತರ.

ಇಳಿಜಾರಿಗೆ ಯಾಕೆ ಇಷ್ಟು ಹೆಚ್ಚು ಅಂದರೆ, ಬೆಂಕಿ ಏರು ಹತ್ತುವಾಗ ಓಡುತ್ತದೆ. ಜ್ವಾಲೆ ಮುಂದಿನ ಹುಲ್ಲಿನ ಮೇಲೇ ಬಾಗಿರುತ್ತದೆ, ಹತ್ತುವ ಮೊದಲೇ ಅದನ್ನು ಕಾಯಿಸಿ ಒಣಗಿಸುತ್ತದೆ. ಇಳಿಜಾರು ಹತ್ತು ಡಿಗ್ರಿ ಹೆಚ್ಚಾದರೆ ಬೆಂಕಿಯ ವೇಗ ಹೆಚ್ಚುಕಡಿಮೆ ದುಪ್ಪಟ್ಟು ಎಂಬುದು ಆಸ್ಟ್ರೇಲಿಯಾದ ಬೆಂಕಿ ಸಿಬ್ಬಂದಿ ಬಳಸುವ ಅಂದಾಜು. ಹಾಗಾಗಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದಂಥ ಕಡೆ ರಸ್ತೆಯ ಎರಡು ಬದಿಯೂ ಒಂದೇ ಅಲ್ಲ. ರಸ್ತೆಯಿಂದ ಹೊತ್ತಿದ ಬೆಂಕಿ ಮೇಲಿನ ಬದಿಗೆ ಓಡುತ್ತದೆ. ಕೆಳಗಿನ ಕಾಡಿನಿಂದ ಬರುವ ಬೆಂಕಿ ರಸ್ತೆಯ ಕೆಳಗಿನ ಬದಿಗೆ ಬಂದು ಬಡಿಯುತ್ತದೆ. ಟೇಪು ಹಿಡಿದು ಎರಡೂ ಕಡೆ ಒಂದೇ ಅಗಲಕ್ಕೆ ಕಡಿಯುವುದು ಬಿಲ್ಲು ಬರೆಯಲು ಸುಲಭ, ಅಷ್ಟೇ.

ಅಮೆರಿಕದ ಅಳತೆಗಳನ್ನು ಇಲ್ಲಿ ಹಾಗೇ ಇಳಿಸುವುದೂ ತಪ್ಪು. ಅಲ್ಲಿ ಪೈನ್‌ನಂಥ ಮರಗಳ ತಲೆಯಲ್ಲಿ ಬೇಸಿಗೆಯಲ್ಲೂ ಎಣ್ಣೆಯಂಶದ ಎಲೆ ಇರುತ್ತದೆ, ಬೆಂಕಿ ತಲೆಯಿಂದ ತಲೆಗೆ ಹಾರುತ್ತದೆ. ಬಂಡೀಪುರದಲ್ಲಿ ತೇಗ, ಮತ್ತಿ, ದಿಂಡಿಗಗಳು ಆ ಹೊತ್ತಿಗೆ ಎಲೆ ಉದುರಿಸಿ ಬರಿದಾಗಿರುತ್ತವೆ. ಇಲ್ಲಿನ ಬೆಂಕಿ ಹೆಚ್ಚಾಗಿ ನೆಲದ ಬೆಂಕಿ. ಬರೀ ಹುಲ್ಲು, ತರಗು ಇದ್ದ ಕಡೆ ಅದು ಮೊಣಕಾಲೆತ್ತರದಲ್ಲಿ ಹರಿದು ಹೋಗುತ್ತದೆ. ದಪ್ಪ ತೊಗಟೆಯ ಮರಗಳು ತಡೆದುಕೊಳ್ಳುತ್ತವೆ. ಆದರೆ ಈಗಿನ ಕಾಡಿನಲ್ಲಿ ಬರೀ ಹುಲ್ಲು, ತರಗು ಇರುವ ಜಾಗ ಎಷ್ಟಿದೆ?

ಲಂಟಾನವೇ ರೋಗದ ಮೂಲ

ಲಂಟಾನ ನಮ್ಮ ಗಿಡ ಅಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು. ಚಂದದ ಹೂವಿಗೆಂದು ಬ್ರಿಟಿಷರು 1800ರ ದಶಕದ ಆರಂಭದಲ್ಲಿ ಕೋಲ್ಕತ್ತದ ಸಸ್ಯೋದ್ಯಾನಕ್ಕೆ ತಂದರು. ಹಣ್ಣು ತಿಂದ ಪಿಕಳಾರಗಳು ಬೀಜ ಹರಡಿದವು. ಜಿಂಕೆ, ಕಾಟಿ ಅದರ ಎಲೆ ಮುಟ್ಟುವುದಿಲ್ಲ. ರಸ್ತೆ ಬದಿಯಲ್ಲಿ ಬಿಸಿಲು, ಕೆದರಿದ ಮಣ್ಣು ಎರಡೂ ಸಿಗುವುದರಿಂದ ಅಲ್ಲಿಂದಲೇ ಅದು ಒಳಗೆ ನುಗ್ಗುವುದು.

ಬೆಂಕಿಯ ವಿಷಯದಲ್ಲಿ ಇದರ ತೊಂದರೆ ಎತ್ತರದ್ದು. ಮೊಣಕಾಲ ಮಟ್ಟದ ಬೆಂಕಿ ಆಳೆತ್ತರದ ಮೆಳೆಗೆ ತಾಗಿದರೆ ಜ್ವಾಲೆ ಮರದ ಕೊಂಬೆ ಮುಟ್ಟುತ್ತದೆ. ಬಿಸಿ ಎಷ್ಟಿರುತ್ತದೆಂದರೆ ಹಸಿ ಸೊಪ್ಪು ಹಿಡಿದು ಬಡಿಯಲು ಬಂದ ವಾಚರ್‌ಗಳು ಹತ್ತಿರ ಸುಳಿಯಲಾಗುವುದಿಲ್ಲ. ನಮ್ಮಲ್ಲಿ ಈಗಲೂ ಬೆಂಕಿ ಆರಿಸುವ ಮುಖ್ಯ ಸಲಕರಣೆ ಹಸಿ ಸೊಪ್ಪಿನ ಕೊಂಬೆಯೇ. ಈಚೆಗೆ ತರಗು ಊದಿ ಸರಿಸುವ ಬ್ಲೋವರ್‌ಗಳು ಬಂದಿವೆ. ಎರಡೂ ನೆಲದ ಬೆಂಕಿಗೆ ಸರಿ. ಉರಿಯುವ ಲಂಟಾನದ ಮೆಳೆಯ ಮುಂದೆ ಎರಡೂ ನಡೆಯುವುದಿಲ್ಲ. ರಸ್ತೆ ಪಕ್ಕ ಲಂಟಾನ ತೆಗೆದಿದ್ದರೆ ಜ್ವಾಲೆ ಅಲ್ಲಿಗೆ ಬರುವಾಗ ಕುಗ್ಗುತ್ತದೆ, ಮನುಷ್ಯರು ನಿಂತು ಬಡಿಯಬಹುದಾದ ಎತ್ತರಕ್ಕೆ ಇಳಿಯುತ್ತದೆ. ಬೆಂಕಿ ರೇಖೆಯ ನಿಜವಾದ ಉಪಯೋಗ ಇಲ್ಲಿದೆ. ರೇಖೆ ತಾನೇ ಬೆಂಕಿ ಆರಿಸುವುದಿಲ್ಲ, ಆರಿಸುವವರಿಗೆ ನಿಲ್ಲಲು ಜಾಗ ಕೊಡುತ್ತದೆ.

ಲಂಟಾನವನ್ನು ಮಚ್ಚಿನಲ್ಲಿ ನೆಲಮಟ್ಟಕ್ಕೆ ಕೊಚ್ಚಿದರೆ ಮಳೆ ಬಿದ್ದ ಕೂಡಲೇ ಒಂದು ಬುಡಕ್ಕೆ ಹತ್ತು ಚಿಗುರು ಬರುತ್ತದೆ. ಮುಂದಿನ ವರ್ಷ ಮೆಳೆ ಮೊದಲಿಗಿಂತ ದಟ್ಟ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ಬೇರೆ ದಾರಿ ತೋರಿಸಿದರು. ಕಾಂಡ ಮುಗಿದು ಬೇರು ಶುರುವಾಗುವ ಜಾಗದಿಂದಲೇ ಈ ಗಿಡ ಚಿಗುರುವುದು. ಗುದ್ದಲಿಯಿಂದ ನೆಲಮಟ್ಟಕ್ಕಿಂತ ಸ್ವಲ್ಪ ಕೆಳಗೆ ಹೊಡೆದು, ಆ ಗಂಟಿನ ಸಮೇತ ಎತ್ತಿ, ಬುಡ ಮೇಲಾಗಿ ಮಗುಚಿ ಇಡಬೇಕು. ಬುಡ ಮಣ್ಣಿಗೆ ತಾಗಬಾರದು. ನೆಲ ಹಸಿ ಇರುವಾಗ ಈ ಕೆಲಸ ಹಗುರ. ಅಂದರೆ ಬೆಂಕಿಯ ಕೆಲಸ ಶುರುವಾಗಬೇಕಾದದ್ದು ಮಳೆಗಾಲದಲ್ಲಿ. ಆಮೇಲೂ ಎರಡು ಮೂರು ವರ್ಷ ಬೀಜದಿಂದ ಹುಟ್ಟಿದ ಸಸಿಗಳನ್ನು ಕೀಳಬೇಕು. ಒಂದೇ ವರ್ಷ ಮಾಡಿ ಕೈಬಿಟ್ಟರೆ ಹಾಕಿದ ದುಡ್ಡು ಮಣ್ಣುಪಾಲು.

ಇಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಾತು ಬಿಡುವ ಹಾಗಿಲ್ಲ. ಅವರು ತಲೆಮಾರುಗಳಿಂದ 'ತರಗು ಬೆಂಕಿ' ಹಾಕುತ್ತಿದ್ದರು. ಬೇಸಿಗೆ ಬಲಿಯುವ ಮೊದಲೇ, ಎಲೆ ಉದುರಿದ ಹೊಸತರಲ್ಲಿ, ತರಗಿಗೆ ಸಣ್ಣ ಬೆಂಕಿ. ಅದು ತಣ್ಣಗೆ ಹರಿದು ತಾನೇ ಆರುತ್ತಿತ್ತು. ಎಳೆಯ ಲಂಟಾನವೂ ಅದರಲ್ಲಿ ಸಾಯುತ್ತಿತ್ತು. 1974ರಲ್ಲಿ ಅಭಯಾರಣ್ಯ ಆದ ಮೇಲೆ ಇದು ನಿಂತಿತು. ಬೆಂಕಿ ನಿಂತದ್ದರಿಂದಲೇ ಲಂಟಾನ ಹೆಚ್ಚಿತು ಅನ್ನುವುದು ಸೋಲಿಗರ ವಾದ. ಬೆಟ್ಟದಲ್ಲಿ 1997ರಿಂದ 2008ರ ನಡುವೆ ನಡೆದ ಅಧ್ಯಯನದಲ್ಲಿ ಲಂಟಾನದ ದಟ್ಟಣೆ ನಾಲ್ಕು ಪಟ್ಟು ಹೆಚ್ಚಾದದ್ದು ಕಂಡಿತು. ಈಗ ಪರಿಸ್ಥಿತಿ ಇಕ್ಕಟ್ಟಿನದ್ದು. ಇಷ್ಟು ಲಂಟಾನ ಇರುವಾಗ ಹಳೆಯ ತರಗು ಬೆಂಕಿ ಹಾಕಿದರೂ ಅದು ತಣ್ಣಗಿನ ಬೆಂಕಿಯಾಗಿ ಉಳಿಯುವುದಿಲ್ಲ. ಮೊದಲು ಲಂಟಾನ ಕೈಯಿಂದ ಕೀಳಬೇಕು, ಆಮೇಲೆ ಬೆಂಕಿಯ ಮಾತು. ಬೆಂಕಿ ಅಂದರೆ ಬರೀ ಅಪರಾಧ ಅಂತ ಐವತ್ತು ವರ್ಷ ನೋಡಿದ್ದು ಈ ಕಾಡಿಗೆ ಒಳ್ಳೆಯದು ಮಾಡಲಿಲ್ಲ ಅನ್ನುವುದು ನನ್ನ ಅನಿಸಿಕೆ. ಜೊತೆಗೆ ಇನ್ನೊಂದೂ ನಿಜ: ಇದೇ ಸೋಲಿಗರು, ಜೇನು ಕುರುಬರು ಇಂದು ಬೇಸಿಗೆಯ ಕೆಲವು ತಿಂಗಳು ದಿನಗೂಲಿಯ ಫೈರ್ ವಾಚರ್‌ಗಳಾಗಿ ಅದೇ ಕಾಡಿನ ಬೆಂಕಿ ಆರಿಸುತ್ತಾರೆ.

ಕಡಿದದ್ದನ್ನು ಏನು ಮಾಡುವುದು

ಜನ ಯೋಚಿಸದ ಭಾಗ ಇದು. ಕಡಿದ ಪೊದೆ ಒಂದು ವಾರದಲ್ಲಿ ಒಣಗುತ್ತದೆ. ನಿಂತಿದ್ದಾಗ ಅದರಲ್ಲಿ ನೀರಾದರೂ ಇತ್ತು. ಬಿದ್ದ ಮೇಲೆ ಅದು ಶುದ್ಧ ಪುರಲೆ. ಹೀಗೆ ಕಡಿದು ರಾಶಿ ಬಿಟ್ಟ ರಸ್ತೆ ಬದಿ ಏನೂ ಕಡಿಯದ ರಸ್ತೆ ಬದಿಗಿಂತ ಅಪಾಯ.

ತುಂಬಿಸಿ ಸಾಗಿಸಿಬಿಡಿ ಅನ್ನಬಹುದು. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಲ್ಲಿ ಸತ್ತ, ಬಿದ್ದ ಮರ, ಹುಲ್ಲು ಇತ್ಯಾದಿ ತೆಗೆಯಬಾರದೆಂದು ಸುಪ್ರೀಂ ಕೋರ್ಟ್ 2000ದ ಫೆಬ್ರವರಿ 14ರಂದು ಆದೇಶ ಮಾಡಿದೆ. ಅದಕ್ಕೆ ಒಳ್ಳೆಯ ಕಾರಣವೂ ಇದೆ. ಬೆಂಕಿ ತಡೆಯುವ ನೆಪದಲ್ಲಿ ನಾಟಾ ಸಾಗುವ ದಾರಿ ತೆರೆಯಬಾರದಲ್ವಾ? ಆದ್ದರಿಂದ ಬಹಳಷ್ಟನ್ನು ಅಲ್ಲೇ ಸುಡುವುದೇ ರೂಢಿ. ಕೆಲವು ಕಡೆ ಲಂಟಾನಕ್ಕೆ ಬೇರೆ ಬಳಕೆ ಸಿಕ್ಕಿದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ, ಮೇಜು, ಆಳೆತ್ತರದ ಆನೆಗಳನ್ನೂ ಮಾಡುತ್ತಾರೆ. ಒಳ್ಳೆಯ ಕೆಲಸ. ಆದರೆ ಕಾಡಿನಲ್ಲಿರುವ ಲಂಟಾನದ ಮುಂದೆ ಕುರ್ಚಿಗೆ ಬೇಕಾದದ್ದು ಒಂದು ಹಿಡಿ.

ಸುಡುವ ಕೆಲಸ ಹೀಗೆ ನಡೆಯುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ಪಟ್ಟಿಯ ಹುಲ್ಲು, ಪೊದೆ ಕೊಯ್ದು ಒಣಗಲು ಬಿಡುತ್ತಾರೆ. ಒಳಗಿನ ಕಾಡು ಇನ್ನೂ ಹಸಿ ಇರುವಾಗಲೇ, ಜನವರಿಯ ಒಳಗೆ, ಪಟ್ಟಿಯನ್ನು ಸುಡಬೇಕು. ಕಾಡಿನ ಕಡೆಯ ಅಂಚಿನಲ್ಲಿ ಮೊದಲು ಒಂದಿಷ್ಟು ಅಗಲಕ್ಕೆ ತರಗು ಗುಡಿಸಿ ಮಣ್ಣು ಕಾಣಿಸುತ್ತಾರೆ. ಬಿದ್ದ ಕೊರಡು, ಪೊಳ್ಳು ಮರದ ಬುಡದಲ್ಲಿನ ಕಸ ಸರಿಸುತ್ತಾರೆ. ಪೊಳ್ಳಿಗೆ ಬೆಂಕಿ ಹೊಕ್ಕರೆ ಮೂರು ದಿನ ಒಳಗೊಳಗೇ ಉರಿದು ನಾಲ್ಕನೆಯ ದಿನ ಕಿಡಿ ಉಗುಳುತ್ತದೆ. ಬೆಳಿಗ್ಗೆ ಇಬ್ಬನಿ ಆರುವ ಹೊತ್ತು ಅಥವಾ ಸಂಜೆ ಗಾಳಿ ಬಿದ್ದ ಮೇಲೆ ಬೆಂಕಿ ಹಾಕುತ್ತಾರೆ, ಗಾಳಿಗೆ ಎದುರಾಗಿ, ತುಂಡು ತುಂಡಾಗಿ. ಕೈಯಲ್ಲಿ ಸೊಪ್ಪು ಹಿಡಿದವರು ಕಾಡಿನ ಅಂಚಿನುದ್ದಕ್ಕೂ ಸಾಲಾಗಿ ನಿಂತಿರುತ್ತಾರೆ. ಹೊಗೆ ಪೂರ್ತಿ ನಿಲ್ಲುವ ತನಕ ಯಾರೂ ಜಾಗ ಬಿಡುವ ಹಾಗಿಲ್ಲ.

ಈ ಲೆಕ್ಕ ತಪ್ಪುವುದು ದುಡ್ಡಿನ ದೆಸೆಯಿಂದ. ಅನುದಾನ ತಡವಾಯಿತು ಅಂದರೆ ಡಿಸೆಂಬರ್ ಕೆಲಸ ಫೆಬ್ರವರಿಗೆ ಬೀಳುತ್ತದೆ. ಫೆಬ್ರವರಿಯಲ್ಲಿ ಬೆಂಕಿ ರೇಖೆ ಸುಡುವುದು ಅಂದರೆ ಕಾಡಿಗೆ ಬೆಂಕಿ ಇಡುವುದಕ್ಕೂ ಅದಕ್ಕೂ ವ್ಯತ್ಯಾಸ ಕೂದಲೆಳೆಯಷ್ಟು. ಆಗ ಸುಮ್ನೆ ಗುಡಿಸಿ ತೆಗೆಯುವುದೇ ವಾಸಿ.

ರೇಖೆ ದಾಟಿದ ಬೆಂಕಿ

2019ರ ಫೆಬ್ರವರಿ ಮೂರನೆಯ ವಾರದ ಕೊನೆಗೆ ಬಂಡೀಪುರದಲ್ಲಿ ಹೊತ್ತಿದ ಬೆಂಕಿ ನೆನಪಿರಬಹುದು. ಹಿಂದಿನ ವರ್ಷ ಮಳೆ ಚೆನ್ನಾಗಿತ್ತು, ಹುಲ್ಲು ಎತ್ತರಕ್ಕೆ ಬೆಳೆದಿತ್ತು. ಆಮೇಲೆ ಬಿಸಿಲು, ಜೋರು ಗಾಳಿ. ಗೋಪಾಲಸ್ವಾಮಿ ಬೆಟ್ಟ, ಕುಂದಕೆರೆ ವಲಯಗಳೂ ಸೇರಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿತು. ಸಫಾರಿ ನಿಂತಿತು. ಕೊನೆಗೆ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಬಂದು ಬಕೆಟ್‌ನಲ್ಲಿ ನೀರು ಸುರಿದವು. ಬೆಂಕಿ ರೇಖೆ ಸರಿಯಾಗಿ ಆಗಿತ್ತಾ ಎಂಬ ಪ್ರಶ್ನೆ ಆಗ ಜೋರಾಗಿ ಎದ್ದಿತು. ಅದೇ ವಾರ, ಫೆಬ್ರವರಿ 23ರಂದು, ಬೆಂಗಳೂರಿನ ಯಲಹಂಕದಲ್ಲಿ ಏರೋ ಇಂಡಿಯಾ ಪಾರ್ಕಿಂಗ್ ಜಾಗದ ಒಣ ಹುಲ್ಲಿಗೆ ಬೆಂಕಿ ಹತ್ತಿ ಸುಮಾರು 300 ಕಾರು ಸುಟ್ಟವು. ಸುತ್ತ ಕಾಡಿಲ್ಲ, ಗುಡ್ಡವಿಲ್ಲ. ಹುಲ್ಲು, ಗಾಳಿ, ಕಾರು ಅಷ್ಟೇ.

ಗಾಳಿ ಜೋರಾದರೆ ಎಷ್ಟೇ ಚೆನ್ನಾಗಿ ಮಾಡಿದ ರೇಖೆಯನ್ನೂ ಕಿಡಿ ದಾಟುತ್ತದೆ. ಇದನ್ನು ಒಪ್ಪಿಕೊಂಡೇ ಮಾತಾಡಬೇಕು. ಎರಡು ಪಥದ ಡಾಂಬರು ರಸ್ತೆಯ ಅಗಲ ಏಳು ಮೀಟರ್. ಎರಡೂ ಬದಿಯ ಪಟ್ಟಿ ಸೇರಿಸಿದರೂ ಹಾರುವ ಕೆಂಡಕ್ಕೆ ಅದು ದೂರವಲ್ಲ. 2010ರ ಆಚೀಚಿನ ವರ್ಷಗಳಲ್ಲಿ ಈ ಭಾಗದ ಬಿದಿರು ಹೂಬಿಟ್ಟು ಸತ್ತಿತು. ಒಣ ಬಿದಿರಿಗೆ ಬೆಂಕಿ ತಾಗಿದರೆ ಗೆಣ್ಣಿನ ಒಳಗಿನ ಗಾಳಿ ಕಾದು ಸಿಡಿಯುತ್ತದೆ, ಉರಿಯುವ ಚೂರು ಎತ್ತಲೋ ಹಾರುತ್ತದೆ. ಹಾಗಾಗಿ ರಸ್ತೆ ಬದಿಯಲ್ಲಿ ನಿಂತ ಸತ್ತ ಬಿದಿರ ಮೆಳೆ, ಒಣ ಮರಗಳನ್ನು ಪೊದೆಗಿಂತ ಮೊದಲು ನೋಡಬೇಕು. ಕಾಡಿನ ಒಳಗೆ ಬೇಕಂತಲೇ ಹಚ್ಚಿದ ಬೆಂಕಿಗೂ ರಸ್ತೆ ಬದಿಯ ಪಟ್ಟಿಗೂ ಸಂಬಂಧವೇ ಇಲ್ಲ. ಅಲ್ಲಿ ರಸ್ತೆ ಬೇರೆ ಕೆಲಸಕ್ಕೆ ಬರುತ್ತದೆ: ಅದರ ಅಂಚಿನಿಂದ ಎದುರು ಬೆಂಕಿ ಕೊಟ್ಟು, ಬರುವ ಬೆಂಕಿಗೆ ಉರಿಯಲು ಏನೂ ಉಳಿಯದ ಹಾಗೆ ಮಾಡಬಹುದು. ಬೋಳು ಅಂಚಿಲ್ಲದೆ ಎದುರು ಬೆಂಕಿ ಕೊಡಲು ಹೋದರೆ ಕೊಟ್ಟವರೇ ನಡುವೆ ಸಿಕ್ಕಿಬೀಳುತ್ತಾರೆ. ಬಂಡೀಪುರದ ಕಲ್ಕೆರೆ ವಲಯದಲ್ಲಿ 2017ರ ಫೆಬ್ರವರಿಯಲ್ಲಿ ಬೆಂಕಿ ಆರಿಸಲು ಹೋದ ಒಬ್ಬ ಅರಣ್ಯ ರಕ್ಷಕ ಜೀವ ಕಳೆದುಕೊಂಡರು.

ತಪ್ಪಿಸಿಕೊಳ್ಳುವ ದಾರಿಯಾಗಿ ರಸ್ತೆ ಎಷ್ಟು ಮುಖ್ಯ ಎಂಬುದನ್ನು ಪೋರ್ಚುಗಲ್ ಕೆಟ್ಟ ರೀತಿಯಲ್ಲಿ ಕಲಿತಿತು. 2017ರ ಜೂನ್ 17ರಂದು ಪೆದ್ರೋಗಾವ್ ಗ್ರಾಂಡೆಯಲ್ಲಿ ಹೊತ್ತಿದ ಬೆಂಕಿಯಲ್ಲಿ 66 ಜನ ಸತ್ತರು. ಅವರಲ್ಲಿ ಸುಮಾರು ಅರ್ಧದಷ್ಟು ಜನ ಸತ್ತದ್ದು ಮನೆಯಲ್ಲಲ್ಲ, ಒಂದೇ ರಸ್ತೆಯಲ್ಲಿ, ಓಡಿಹೋಗುವಾಗ. ಎರಡೂ ಬದಿ ನೀಲಗಿರಿ, ಪೈನ್ ಮರಗಳ ತೋಪು. ರಸ್ತೆಯ ಪಕ್ಕ ಕನಿಷ್ಠ 10 ಮೀಟರ್ ಪಟ್ಟಿಯಲ್ಲಿ ಉರಿಯುವಂಥದ್ದನ್ನು ತೆಳುಮಾಡಬೇಕೆಂಬ ಕಾನೂನು ಆ ದೇಶದಲ್ಲಿ 2006ರಿಂದಲೇ ಇತ್ತು. ಮರುವರ್ಷ, 2018ರ ನವೆಂಬರ್ 8ರಂದು, ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಊರಿಗೆ ಬೆಂಕಿ ಬಂದಾಗ ಊರಿಂದ ಇಳಿಯುವ ಕೆಲವೇ ರಸ್ತೆಗಳಲ್ಲಿ ಕಾರುಗಳು ಸಿಕ್ಕಿಕೊಂಡವು. ಆ ಬೆಂಕಿಯಲ್ಲಿ 85 ಜನ ಸತ್ತರು. ನಮ್ಮ ಕಾಡಂಚಿನ ಊರುಗಳಲ್ಲಿ ಇಂಥದ್ದು ಇನ್ನೂ ಆಗಿಲ್ಲ. ಆದರೆ ಕಾಡಿನ ನಡುವೆ ರೆಸಾರ್ಟು, ಹೋಂಸ್ಟೇಗಳಿಗೆ ಹೋಗುವ ಒಂದೇ ಒಂದು ಮಣ್ಣಿನ ದಾರಿ, ಎರಡೂ ಕಡೆ ಹುಲ್ಲು. ಇಂಥ ಜಾಗಗಳು ಬೇಕಾದಷ್ಟಿವೆ.

ಪಟ್ಟಿ ತೆರೆಯುವುದರ ವಿರುದ್ಧದ ಮಾತುಗಳಲ್ಲೂ ತೂಕವಿದೆ. ಸುಟ್ಟ ಪಟ್ಟಿಗೆ ಒಂದು ಮಳೆ ಬಿದ್ದರೆ ಎಳೆ ಹುಲ್ಲು ಚಿಗುರುತ್ತದೆ. ಜಿಂಕೆಗಳು ಅದನ್ನು ಮೇಯಲು ರಸ್ತೆಯ ಅಂಚಿಗೇ ಬರುತ್ತವೆ, ಗಾಡಿಗೆ ಸಿಕ್ಕಿ ಸಾಯುತ್ತವೆ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಸಂಚಾರ ನಿಷೇಧ ಇರುವುದರಿಂದ ಇದು ಸ್ವಲ್ಪ ಹತೋಟಿಯಲ್ಲಿದೆ, ಬೇರೆ ಕಾಡುಗಳಲ್ಲಿ ಇಲ್ಲ. ಪಟ್ಟಿ ಅಗಲವಾದಷ್ಟೂ ಒಳಗೆ ಬಿಸಿಲು, ಬಿಸಿಲಿನ ಜೊತೆ ಲಂಟಾನ. ಪ್ರಾಣಿ ಕಾಣಲಿ ಎಂದು ಪ್ರವಾಸಿಗರಿಗಾಗಿ ಅಗಲ ಮಾಡುವುದನ್ನು ಬೆಂಕಿಯ ಹೆಸರಿನಲ್ಲಿ ಮಾಡಬಾರದು. ಎರಡೂ ಬೇರೆ ಕೆಲಸ. ನನಗಂತೂ ಅಗಲವಾದ, ಅರೆಬರೆ ಪಟ್ಟಿಗಿಂತ ಕಿರಿದಾದರೂ ಪ್ರತಿ ವರ್ಷ ಡಿಸೆಂಬರಿಗೆ ತಪ್ಪದೆ ಗುಡಿಸಿದ ಪಟ್ಟಿ ಮೇಲು ಅನಿಸುತ್ತದೆ.

ಕಾಡು ದಾಟಿ ಹೋಗುವ ನಮ್ಮ ಪಾಲಿನ ಕೆಲಸ ದೊಡ್ಡದೇನಲ್ಲ. ಸೇದಿದ್ದನ್ನು ಎಸೆಯಬೇಡಿ, ಗಾಡಿಯನ್ನು ಹುಲ್ಲಿನ ಮೇಲೆ ಇಳಿಸಬೇಡಿ, ಟೈರು ಪಂಕ್ಚರ್ ಆದರೆ ರಿಮ್ಮಿನ ಮೇಲೆ ಎಳೆದುಕೊಂಡು ಹೋಗಬೇಡಿ. ಸಣ್ಣ ಹೊಗೆ ಕಂಡರೆ ಉಪಗ್ರಹ ನೋಡಿಕೊಳ್ಳುತ್ತದೆ ಅಂತ ಸುಮ್ಮನಿರಬೇಡಿ. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ ಉಪಗ್ರಹದ ಮೂಲಕ ಬೆಂಕಿಯ ಎಚ್ಚರಿಕೆ ಕಳಿಸುತ್ತದೆ, ನಿಜ. ಆದರೆ ಆ ಉಪಗ್ರಹ ದಿನಕ್ಕೆ ಕೆಲವೇ ಸಲ ಮೇಲೆ ಹಾದುಹೋಗುತ್ತದೆ, ಒಂದು ಚುಕ್ಕೆಗೆ 375 ಮೀಟರ್ ನೆಲ. ರಸ್ತೆ ಬದಿಯ ಹುಲ್ಲಿಗೆ ಈಗಷ್ಟೇ ಹತ್ತಿದ ಬೆಂಕಿ ಅದಕ್ಕಿಂತ ಮೊದಲು ನಿಮಗೇ ಕಾಣುತ್ತದೆ. ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ, ಹೊಗೆ ರಸ್ತೆಯ ಯಾವ ಬದಿಯಲ್ಲಿದೆ, ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂಬುದನ್ನು ನೋಡಿಕೊಂಡು ಮುಂದಿನ ಚೆಕ್‌ಪೋಸ್ಟಿನಲ್ಲಿ ಹೇಳಿ, ಅಥವಾ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಇಳಿದು ಆರಿಸಲು ಹೋಗಬೇಡಿ. ಹೊಗೆಗೆ ಬೆದರಿದ ಆನೆ ಅದೇ ರಸ್ತೆಗೆ ಬರುತ್ತದೆ.